ರಿಸೀವರ್ ಹಿಂದೆ ಇಷ್ಟೊಂದು ತೂತು: ಸ್ಪೀಕರ್, ಟಿವಿ, ಅಪ್ಪನ ಟೇಪ್ ಡೆಕ್, ಯಾವ ವೈರು ಎಲ್ಲಿಗೆ?

ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮನೆ ಮೇಲೆ ಒಂದು ಮಹಡಿ ಏರಿಸಿದ್ದೇವೆ. ಅಲ್ಲಿ 12 ಅಡಿ ಅಗಲ, 16 ಅಡಿ ಉದ್ದದ ಹಾಲ್ ಇದೆ. ಬೆಂಗಳೂರಿನಲ್ಲಿರುವ ನಮ್ಮಣ್ಣ ತಾನು ಬಳಸುತ್ತಿದ್ದ 5.1 ಡೆನಾನ್ ರಿಸೀವರ್ (ಐದು ಸ್ಪೀಕರಿಗೂ ಒಂದು ಸಬ್‌ವೂಫರ್‌ಗೂ ಸದ್ದು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ಕೊಟ್ಟಿದ್ದಾನೆ. ಮುಂದಕ್ಕೆ ಅಪ್ಪನ ಕಾಲದ ಎರಡು ದೊಡ್ಡ ಸೋನೋಡೈನ್ ಸ್ಪೀಕರ್, ಹಿಂದಿನ ಚೀಟಿಯಲ್ಲಿ 8 ಓಮ್ ಅಂತ ಇದೆ. ನಡುವೆ ಒಂದು ಸೆಂಟರ್, ಹಿಂದಕ್ಕೆ 6 ಓಮ್‌ನ ಎರಡು ಸಣ್ಣ ಸ್ಪೀಕರ್, ಆಮೇಲೆ ಬರೀ ಬೇಸ್ ನುಡಿಸುವ, ಕರೆಂಟಿಗೆ ಹಾಕುವ ಸಬ್‌ವೂಫರ್. ಇಷ್ಟಕ್ಕೆ ಟಿವಿ, ಡಿಟಿಎಚ್ ಬಾಕ್ಸ್, ಕ್ಯಾಸೆಟ್ ಡೆಕ್, ರೆಕಾರ್ಡ್ ಪ್ಲೇಯರ್ ಸೇರಬೇಕು.

ಟೇಪ್ ಡೆಕ್ ನನಗೆ ಎಲ್ಲಕ್ಕಿಂತ ಮುಖ್ಯ. ಅಪ್ಪನಿಗೆ ವೃತ್ತಿ ನಾಟಕದ ಹುಚ್ಚು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ನಮ್ಮೂರಿನದೇ ಅಲ್ವಾ, ಆ ಕಾಲದ ರಂಗಗೀತೆಗಳ ಕ್ಯಾಸೆಟ್ ಒಂದು ಟ್ರಂಕ್ ತುಂಬ ಇವೆ. ಅವನ್ನು ಮತ್ತೆ ಕೇಳಬೇಕು ಅಂತ ಅಮ್ಮನಿಗೆ ಆಸೆ.

ಈಗಿನ ತೊಂದರೆ ಏನಂದರೆ, ಟಿವಿಯಲ್ಲಿ ಸಿನಿಮಾ ಹಾಕಿದರೆ ಮುಂದಿನ ಎರಡು ಸ್ಪೀಕರ್ ಮಾತ್ರ ಕೇಳುತ್ತವೆ. ಸೆಂಟರ್ ಮತ್ತು ಹಿಂದಿನವು ಸುಮ್ನೆ ಕೂತಿವೆ. ಮಾತು ಸ್ಪಷ್ಟವಿಲ್ಲ. ಸಬ್‌ವೂಫರ್ ಏನೂ ಹಾಕದಿದ್ದರೂ ಗುಂಯ್ ಅನ್ನುತ್ತದೆ. ರೆಕಾರ್ಡ್ ಪ್ಲೇಯರ್ ಸದ್ದು ಕಿವಿ ಹತ್ತಿರ ಇಟ್ಟರಷ್ಟೇ ಕೇಳುತ್ತದೆ. ಗೋಡೆಯೊಳಗಿನ ಸ್ಪೀಕರ್ ವೈರನ್ನು ಮನೆ ವೈರಿಂಗ್ ಮಾಡಿದವರೇ ಎಳೆದಿದ್ದಾರೆ, ಎರಡು ಎಳೆಯೂ ಒಂದೇ ಬಣ್ಣ. ಎಲ್ಲಿಂದ ಶುರು ಮಾಡಲಿ?

ವಿದ್ಯಾನಗರ ಮೇಷ್ಟ್ರು

ಮೊದಲು ಪ್ಲಗ್ ತೆಗೆದು ಎಲ್ಲ ವೈರೂ ಬಿಚ್ಚಿಬಿಡಿ. ನಾಲ್ಕು ತೊಂದರೆಯನ್ನು ಒಟ್ಟಿಗೆ ಹುಡುಕಿದರೆ ಒಂದೂ ಸಿಗುವುದಿಲ್ಲ. ಒಂದೊಂದೇ ಸೇರಿಸುತ್ತಾ, ಸೇರಿಸಿದ್ದನ್ನು ಕೇಳಿ ನೋಡುತ್ತಾ ಹೋಗಿ.

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನು. ರಿಸೀವರ್ ವಿಚಾರದಲ್ಲಿ ನಾನು ಹೇಳುವುದು ಒಂದೇ ಮಾತು: ಯಾವ ತೂತಿನಿಂದ ಎಷ್ಟು ಬಲದ ಸಿಗ್ನಲ್ ಬರುತ್ತದೆ ಅಂತ ತಿಳಿಯದೆ ವೈರು ಹಾಕಬೇಡಿ. ಪಿನ್ ಆ ತೂತಿಗೆ ಹಿಡಿಯುತ್ತದೆ ಅಂದ ಮಾತ್ರಕ್ಕೆ ಅದು ಅಲ್ಲಿಗೇ ಸೇರಿದ್ದು ಅಂತ ಅರ್ಥವಲ್ಲ.

ರೆಕಾರ್ಡ್ ಪ್ಲೇಯರ್‌ನ ಸೂಜಿಯಿಂದ ಬರುವುದು ಕೆಲವೇ ಮಿಲಿವೋಲ್ಟ್. ಸಾಮಾನ್ಯವಾದ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಕೂತಿರುವ ಭಾಗ) ಆದರೆ 3ರಿಂದ 5. ಟೇಪ್ ಡೆಕ್, ಸಿಡಿ ಪ್ಲೇಯರ್, ಡಿಟಿಎಚ್ ಬಾಕ್ಸ್‌ನ ಕೆಂಪು ಬಿಳಿ ಪಿನ್‌ಗಳಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಅರ್ಧ ವೋಲ್ಟಿನಿಂದ 2 ವೋಲ್ಟ್ ಆಸುಪಾಸು. ಸ್ಪೀಕರ್ ಸ್ಕ್ರೂಗಳಿಂದ ಹೊರಡುವುದು ಇವೆಲ್ಲಕ್ಕಿಂತ ಬೇರೆ. 8 ಓಮ್ ಸ್ಪೀಕರಿಗೆ 100 ವಾಟ್ ಕೊಡುವಾಗ ಅಲ್ಲಿ ಸುಮಾರು 28 ವೋಲ್ಟ್ ಇರುತ್ತದೆ. ಒಂದು ಡ್ರಿಪ್ ಪೈಪಿನ ಹನಿ, ಇನ್ನೊಂದು ನಲ್ಲಿ ನೀರು, ಮತ್ತೊಂದು ಬೋರ್‌ವೆಲ್ ಪೈಪು ಅಂದುಕೊಳ್ಳಿ. ಸ್ಪೀಕರ್ ಔಟನ್ನು ಯಾವುದಾದರೂ ಲೈನ್ ಇನ್‌ಗೆ ಕೊಟ್ಟರೆ ಆ ಕಡೆ ಇರುವ ಸರ್ಕ್ಯೂಟ್ ಹೋಗುತ್ತದೆ. ಇದು ಮೊದಲು ಮನಸ್ಸಲ್ಲಿರಲಿ.

ನಿಮ್ಮ ಸಬ್‌ವೂಫರ್‌ಗೆ ಅದರದ್ದೇ ಆಂಪ್ಲಿಫೈಯರ್ ಇದೆ. ಅದಕ್ಕೇ ಅದನ್ನು ಕರೆಂಟಿಗೆ ಹಾಕುವುದು. ಅದಕ್ಕೆ ರಿಸೀವರ್‌ನ ಸಬ್‌ವೂಫರ್ ಪ್ರೀ ಔಟ್ ತೂತಿನಿಂದ ಒಂದೇ ಒಂದು ಆರ್‌ಸಿಎ ವೈರು (ಆ ಕೆಂಪು ಬಿಳಿ ಪಿನ್ ಜಾತಿಯದು) ಸಾಕು. ಸಬ್ ಹಿಂದೆ ಎಲ್‌ಎಫ್‌ಇ (ಆಳದ ಬೇಸ್‌ನ ಚಾನೆಲ್) ಅಂತ ಬರೆದ ತೂತಿದ್ದರೆ ಅಲ್ಲಿಗೆ ಹಾಕಿ. ಹಾಗೆ ಬರೆದಿಲ್ಲದಿದ್ದರೆ ಎಡ ಅಂತ ಇರುವ ಲೈನ್ ಇನ್‌ಗೆ ಹಾಕಿ.

8 ಓಮ್, 6 ಓಮ್ ಬೇರೆ ಬೇರೆ ಇದೆ ಅಂತ ಯೋಚನೆ ಬೇಡ. ಪ್ರತಿ ಚಾನೆಲ್ಲಿಗೂ ಪ್ರತ್ಯೇಕ ಆಂಪ್ಲಿಫೈಯರ್ ಇದೆ. ರಿಸೀವರ್ ಹಿಂದೆ ಬರೆದ ಓಮ್ ಮಿತಿಯೊಳಗೆ ಪ್ರತಿಯೊಂದು ಸ್ಪೀಕರೂ ಇದ್ದರೆ ಸಾಕು.

ಪೆಂಡಾಲ್ ಅಣ್ಣ

ಮೇಷ್ಟ್ರು ಹೇಳಿದ್ದು ಸರಿ. ವೈರಿನ ವಿಚಾರ ನಾನು ಹೇಳುತ್ತೇನೆ. ದುಗ್ಗಮ್ಮನ ಜಾತ್ರೆ, ಗಣಪತಿ ಹಬ್ಬ ಅಂತ ವರ್ಷವಿಡೀ ವೈರು ಎಳೆಯುವುದೇ ನಮ್ಮ ಕೆಲಸ.

ದುಬಾರಿ ಸ್ಪೀಕರ್ ಕೇಬಲ್ ಬೇಡ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 1.5 ಸ್ಕ್ವೇರ್ ಎಂಎಂ ಶುದ್ಧ ತಾಮ್ರದ ಫ್ಲೆಕ್ಸಿಬಲ್ ವೈರು ತಗೊಳ್ಳಿ, ಒಂದು ಕೆಂಪು, ಒಂದು ಕಪ್ಪು. ಎರಡನ್ನೂ ಹೆಣೆದುಕೊಂಡರೆ ಅದೇ ಒಳ್ಳೆಯ ಸ್ಪೀಕರ್ ವೈರು. 10 ಮೀಟರ್ ಎಳೆದರೂ ಹೋಗಿ ಬರುವ ದಾರಿ ಸೇರಿ ಕಾಲು ಓಮ್ ಚಿಲ್ಲರೆ ಅಷ್ಟೇ. ಅಂಗಡಿಯವರು ತೋರಿಸುವ ತೆಳ್ಳಗಿನ ಪಾರದರ್ಶಕ ವೈರು ಅರ್ಧ ಸ್ಕ್ವೇರ್ ಎಂಎಂನದಾದರೆ ಅದೇ ದೂರಕ್ಕೆ ಮುಕ್ಕಾಲು ಓಮ್ ತಿನ್ನುತ್ತದೆ. ಇನ್ನೊಂದು, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರು ನೋಡಲು ಥೇಟ್ ತಾಮ್ರದ ಹಾಗೇ ಇರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.

ವೈರಿನ ತುದಿ ಒಂದು ಸೆಂಟಿಮೀಟರ್ ಸುಲಿದರೆ ಸಾಕು. ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದೇ ಒಂದು ಕೂದಲಿನಂಥ ಎಳೆ ಪಕ್ಕದ ಸ್ಕ್ರೂಗೆ ತಾಗಿದರೂ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತದೆ. ಕೆಲವು ಸಲ ಚಾನೆಲ್ಲೇ ಸುಡುತ್ತದೆ. ವೈರಿನ ತುದಿಗೆ ಬನಾನಾ ಪಿನ್ (ಸ್ಕ್ರೂವಿನ ತೂತಿಗೆ ನೇರ ತುರುಕುವ ಪಿನ್) ಹಾಕಿದರೆ ಈ ಭಯ ಇಲ್ಲ.

ಒಂದೇ ಬಣ್ಣದ ವೈರಿಗೆ ಉಪಾಯ ಇದೆ. ಗಡಿಯಾರದ 1.5 ವೋಲ್ಟ್ ಸೆಲ್ ತಗೊಳ್ಳಿ. ರಿಸೀವರ್ ಕಡೆಯ ತುದಿ ಬಿಚ್ಚಿರಬೇಕು. ಆ ಕಡೆ ಸ್ಪೀಕರ್ ಸೇರಿಸಿ, ಜಾಲರಿ ತೆಗೆದು ಒಬ್ಬರನ್ನು ಕೋನ್ ಮುಂದೆ ಕೂರಿಸಿ. ಈ ಕಡೆ ಸೆಲ್ ಅನ್ನು ಎರಡು ಎಳೆಗೆ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಟಕ್ ಅಂತ ಸದ್ದು ಬಂದು ಕೋನ್ ಹೊರಗೆ ಬಂದರೆ, ಸೆಲ್‌ನ ಪ್ಲಸ್ ಮುಟ್ಟಿದ್ದ ಎಳೆಯೇ ಸ್ಪೀಕರ್‌ನ ಕೆಂಪಿಗೆ ಹೋದದ್ದು. ಒಳಗೆ ಹೋದರೆ ಉಲ್ಟಾ. ಗೊತ್ತಾದ ಕೂಡಲೇ ಎರಡು ತುದಿಗೂ ಕೆಂಪು ಟೇಪ್ ಸುತ್ತಿಬಿಡಿ. ಒಂದು ಸ್ಪೀಕರ್ ಉಲ್ಟಾ ಇದ್ದರೆ ಅದು ಹಾಡುತ್ತದೆ, ಆದರೆ ಬೇಸ್ ಸತ್ತುಹೋಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ. ಸಬ್‌ವೂಫರ್‌ಗೆ ಮಾತ್ರ ಸೆಲ್ ಮುಟ್ಟಿಸಬೇಡಿ, ಅದಕ್ಕೆ ಒಳಗೇ ಆಂಪ್ಲಿಫೈಯರ್ ಇದೆ.

ಇನ್ನೊಂದು ಕೇಳಲೇಬೇಕು. ಆ ಸ್ಪೀಕರ್ ವೈರು ಗೋಡೆಯೊಳಗೆ ಯಾವ ಪೈಪಿನಲ್ಲಿದೆ? ಕರೆಂಟಿನ ಪೈಪಿನಲ್ಲೇ ಹೋಗಿದೆಯಾ?

ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಸ್ವಿಚ್ ಬೋರ್ಡ್ ಬಿಚ್ಚಿಸಿ ನೋಡಿದೆ ಅಣ್ಣ. ಫ್ಯಾನಿನ ವೈರು ಹೋಗುವ ಪೈಪಿನಲ್ಲೇ ಹಿಂದಿನ ಎರಡು ಸ್ಪೀಕರಿನ ವೈರೂ ಇದೆ. ಸೆಂಟರ್‌ನದು ಟಿವಿ ಹಿಂದೆ ಹೊರಗೇ ಇದೆ, ಸೆಲ್ ಇಟ್ಟು ನೋಡಿದರೆ ಅದು ಉಲ್ಟಾ.

ಪೆಂಡಾಲ್ ಅಣ್ಣ

ಹಿಂದಿನ ಎರಡನ್ನೂ ಆ ಪೈಪಿನಿಂದ ಹೊರಗೆ ತೆಗೆಸಿ. ಗುಂಯ್ ಸದ್ದಿನ ಮಾತು ಹಾಗಿರಲಿ, ಒಂದು ದಿನ ಒಳಗೆ ಎಲ್ಲೋ ವೈರಿನ ಚರ್ಮ ಸುಲಿದರೆ 230 ವೋಲ್ಟ್ ನೇರವಾಗಿ ಸ್ಪೀಕರ್ ಸ್ಕ್ರೂಗೆ ಬಂದು ಕೂರುತ್ತದೆ. ಮನೆಯಲ್ಲಿ ಮಕ್ಕಳು ಮುಟ್ಟುವ ಜಾಗ ಅದು. ಗೋಡೆ ಒಡೆಯುವುದು ಬೇಡ. ಸ್ಕರ್ಟಿಂಗ್ ಮೇಲೆ ಪಿವಿಸಿ ಪಟ್ಟಿ ಹೊಡೆಸಿ, ಅದರೊಳಗೆ ಎಳೆಯಿರಿ. ಬಾಗಿಲ ಚೌಕಟ್ಟಿನ ಸುತ್ತ ತಿರುಗಿಸಿಕೊಂಡು ಹೋದರೆ ಕಾಣುವುದೂ ಇಲ್ಲ. ಎರಡು ಕಡೆಗೂ ವೈರು ಒಂದೇ ಉದ್ದ ಇರಬೇಕು ಅಂತ ಕೆಲವರು ಹೇಳುತ್ತಾರೆ, ಮನೆಯೊಳಗಿನ ದೂರಕ್ಕೆ ಅದರ ಅಗತ್ಯ ಇಲ್ಲ.

ಕೋಟೆ ಊರಿನವ, ಚಿತ್ರದುರ್ಗ

ಸೆಂಟರ್, ಸರೌಂಡ್ (ಹಿಂದಿನ ಎರಡು) ಮಾತಾಡದೇ ಇರುವುದಕ್ಕೆ ವೈರು ಕಾರಣ ಅಲ್ಲ ಅನ್ನಿಸುತ್ತದೆ. ಸಿನಿಮಾ ಓಡುವಾಗ ರಿಸೀವರ್‌ನ ಡಿಸ್‌ಪ್ಲೇ ನೋಡಿ. ಅಲ್ಲಿ ಪಿಸಿಎಂ ಅಥವಾ ಸ್ಟೀರಿಯೋ ಅಂತ ಬರುತ್ತಿದೆಯಾ? ಹಾಗಿದ್ದರೆ ಟಿವಿಯೇ ಎರಡು ಚಾನೆಲ್ ಮಾಡಿ ಕಳಿಸುತ್ತಿದೆ. ರಿಸೀವರ್ ಏನು ಮಾಡೀತು ಪಾಪ.

ಟಿವಿಯ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಪಕ್ಕ ಎಆರ್‌ಸಿ ಅಥವಾ ಅದರ ಹೊಸ ರೂಪ ಇ-ಎಆರ್‌ಸಿ ಅಂತ ಇರುತ್ತದೆ. ಅಲ್ಲಿಂದ ರಿಸೀವರ್‌ನ ಎಚ್‌ಡಿಎಂಐ ಔಟ್‌ಗೆ ವೈರು ಬರಬೇಕು. ಇನ್‌ಗೆ ಅಲ್ಲ, ಔಟ್‌ಗೆ. ಬಹಳ ಜನ ಇಲ್ಲೇ ತಡವರಿಸುತ್ತಾರೆ, ಸದ್ದು ರಿಸೀವರ್ ಒಳಗೆ ಬರಬೇಕಲ್ವಾ ಅಂತ ಇನ್‌ಗೆ ಹಾಕುತ್ತಾರೆ. ಆದರೆ ಚಿತ್ರ ರಿಸೀವರ್‌ನಿಂದ ಟಿವಿಗೆ ಹೋಗುವ ಅದೇ ವೈರಿನಲ್ಲಿ ಟಿವಿಯ ಸದ್ದು ಹಿಂದಕ್ಕೆ ಬರುತ್ತದೆ. ಎಆರ್‌ಸಿಯ ಕೆಲಸವೇ ಅದು. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂತು. ಡಿಟಿಎಚ್ ಬಾಕ್ಸನ್ನು ಮಾತ್ರ ರಿಸೀವರ್‌ನ ಇನ್‌ಗೆ ಹಾಕಿ.

ಇನ್ನು ಸೆಟ್ಟಿಂಗ್. ಟಿವಿಯಲ್ಲಿ ಸಿಇಸಿ (ಎಚ್‌ಡಿಎಂಐ ವೈರಿನ ಮೂಲಕ ಒಂದು ಪೆಟ್ಟಿಗೆ ಇನ್ನೊಂದನ್ನು ನಡೆಸುವ ಸೌಲಭ್ಯ) ಆನ್ ಮಾಡಿ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ರಿಸೀವರ್‌ನಲ್ಲೂ ಎಚ್‌ಡಿಎಂಐ ಕಂಟ್ರೋಲ್ ಮತ್ತು ಎಆರ್‌ಸಿ ಆನ್ ಇರಬೇಕು. ಟಿವಿಯ ಸೌಂಡ್ ಔಟ್‌ಪುಟ್ ಎಚ್‌ಡಿಎಂಐ ಎಆರ್‌ಸಿ ಆಗಿರಲಿ. ಕೊನೆಗೆ ಡಿಜಿಟಲ್ ಔಟ್‌ಪುಟ್ ಅಂತ ಒಂದು ಇರುತ್ತದೆ. ಅದು ಪಿಸಿಎಂನಲ್ಲಿದ್ದರೆ ಆಟೋ ಅಥವಾ ಪಾಸ್ ಥ್ರೂಗೆ ಬದಲಿಸಿ. ನಿಮ್ಮ ಸೆಂಟರ್ ಬಾಯಿ ಬಿಡುವುದು ಇಲ್ಲೇ.

ನಿಟ್ಟುವಳ್ಳಿ ಅಕ್ಕ

ನಮ್ಮ ಟಿವಿಯಲ್ಲಿ ಎಆರ್‌ಸಿ ಇಲ್ಲ. ಆಪ್ಟಿಕಲ್ ವೈರು ಹಾಕಿದ್ದೇವೆ, 5.1 ಬರುತ್ತಿದೆ. ಅದು ಸಾಲುವುದಿಲ್ಲವೇ?

ಕೋಟೆ ಊರಿನವ, ಚಿತ್ರದುರ್ಗ

ಸಾಕು ಅಕ್ಕಾ. ಆಪ್ಟಿಕಲ್‌ನಲ್ಲಿ ಮಾಮೂಲಿ ಡಾಲ್ಬಿ ಡಿಜಿಟಲ್ 5.1, ಡಿಟಿಎಸ್ ಎರಡೂ ಬರುತ್ತವೆ. ಡಾಲ್ಬಿ ಡಿಜಿಟಲ್ ಪ್ಲಸ್ ಬರುವುದಿಲ್ಲ, ಆದ್ದರಿಂದ ಅಟ್ಮಾಸ್ (ಮೇಲಿನಿಂದಲೂ ಸದ್ದು ಬರಿಸುವ ಡಾಲ್ಬಿ ಪದ್ಧತಿ) ಕೂಡ ಇಲ್ಲ. ಎಆರ್‌ಸಿಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಬರುತ್ತದೆ, ಓಟಿಟಿಯ ಅಟ್ಮಾಸ್ ಅದರ ಮೇಲೇ ಕೂತು ಬರುವುದು. ಬ್ಲೂ-ರೇಯಲ್ಲಿರುವ ಟ್ರೂ ಎಚ್‌ಡಿ ಟಿವಿ ಮೂಲಕ ಬರಬೇಕಾದರೆ ಮಾತ್ರ ಇ-ಎಆರ್‌ಸಿ ಬೇಕು. ನಿಮ್ಮ ಹತ್ತಿರ 5.1 ಇದ್ದರೆ ಟಿವಿ ಬದಲಾಯಿಸುವ ಅಗತ್ಯ ಏನೂ ಇಲ್ಲ.

ವಿದ್ಯಾನಗರ ಮೇಷ್ಟ್ರು

ಈಗ ಗುಂಯ್ ಸದ್ದು. ಇದನ್ನು ಹುಡುಕುವುದಕ್ಕೆ ತಾಳ್ಮೆ ಬೇಕು, ಖರ್ಚು ಬೇಡ.

ಸಬ್‌ವೂಫರ್ ಆನ್ ಇರಲಿ, ಅದರ ಹಿಂದಿನ ಆರ್‌ಸಿಎ ವೈರು ಕಿತ್ತು ನೋಡಿ. ಸದ್ದು ನಿಂತರೆ ಸಬ್ ಚೆನ್ನಾಗಿದೆ, ಗುಂಯ್ ವೈರಿನ ಮೂಲಕ ಬರುತ್ತಿದೆ. ವೈರು ವಾಪಸ್ ಹಾಕಿ. ಈಗ ಡಿಟಿಎಚ್ ಬಾಕ್ಸ್‌ಗೆ ಬರುವ ಡಿಶ್ ಕೇಬಲನ್ನು ಬಿಚ್ಚಿ. ಅಲ್ಲಿಗೆ ನಿಂತುಹೋದರೆ ಕಾರಣ ಸಿಕ್ಕ ಹಾಗೆ. ತಾರಸಿ ಮೇಲಿನ ಡಿಶ್‌ನ ಕಂಬ ಒಂದು ಕಡೆ ನೆಲಕ್ಕೆ ಸೇರಿರುತ್ತದೆ, ಸಬ್‌ನ ಮೂರನೇ ಪಿನ್ ಇನ್ನೊಂದು ಕಡೆ ನೆಲಕ್ಕೆ ಸೇರಿರುತ್ತದೆ. ಎರಡು ಅರ್ತಿಂಗ್ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ನಿಮ್ಮ ಆಡಿಯೋ ವೈರಿನ ಹೊರಕವಚದ ಮೂಲಕ ಹರಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಸಬ್‌ವೂಫರ್ ಚೆನ್ನಾಗಿ ನುಡಿಯುವುದೂ ಅದೇ ಸ್ವರವನ್ನೇ. ಅದಕ್ಕೇ ಬೇರೆ ಸ್ಪೀಕರಿನಲ್ಲಿ ಕೇಳದ್ದು ಇದರಲ್ಲಿ ಇಷ್ಟು ಜೋರಾಗಿ ಕೇಳುವುದು.

ಟಿವಿ, ರಿಸೀವರ್, ಡಿಟಿಎಚ್ ಬಾಕ್ಸ್, ಸಬ್ ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ಬರುವ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಡಿಶ್ ಕಂಬದಿಂದ ಒಂದು ದಪ್ಪ ವೈರು ತಂದು ಮನೆಯ ಅರ್ತಿಂಗ್‌ಗೇ ಸೇರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಎರಡು ಕಡೆಯ ಅರ್ತಿಂಗ್ ಬೇರೆ ಮಾಡಲು ಕೇಬಲ್ ಟಿವಿಗೆ ಮಾರುವ ಐಸೊಲೇಟರ್ ಡಿಟಿಎಚ್‌ಗೆ ಆಗುವುದಿಲ್ಲ. ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಅದೇ ಕೇಬಲ್ಲಿನಲ್ಲಿ ಕರೆಂಟು ಹೋಗುತ್ತದೆ, ಐಸೊಲೇಟರ್ ಅದನ್ನೇ ತಡೆದರೆ ಚಿತ್ರವೇ ಹೋಗುತ್ತದೆ. ಆರ್‌ಸಿಎ ವೈರಿಗೆ ಹಾಕುವ ಅಗ್ಗದ ಐಸೊಲೇಟರ್ ಗುಂಯ್ ಜೊತೆ ಆಳದ ಬೇಸನ್ನೂ ತೆಗೆದುಬಿಡುತ್ತದೆ.

ಕೈ ಮುಗಿದು ಕೇಳಿಕೊಳ್ಳುತ್ತೇನೆ, ಸಬ್‌ನ ಪ್ಲಗ್‌ನಿಂದ ಅರ್ತ್ ಪಿನ್ ಮಾತ್ರ ಕೀಳಬೇಡಿ. ಗುಂಯ್ ನಿಲ್ಲುತ್ತದೆ ನಿಜ. ಆದರೆ ಆ ಪಿನ್ ಇರುವುದು ಜೀವ ಉಳಿಸಲಿಕ್ಕೆ. ಇನ್ನು ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಅರ್ತಿಂಗ್ ಕೈಕೊಡುತ್ತದೆ. ಗುಂಡಿಗೆ ಆಗಾಗ ನೀರು ಹಾಕುತ್ತಿರಿ.

ಹರಿಹರದಿಂದ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಅಮೆರಿಕದಿಂದ ಸಂಬಂಧಿಕರು ತಂದ ರಿಸೀವರ್ ಇದೆ. ಪ್ಲಗ್‌ಗೆ ಅಡಾಪ್ಟರ್ ಹಾಕಿ ಬಳಸಬಹುದೇ?

ವಿದ್ಯಾನಗರ ಮೇಷ್ಟ್ರು

ಸಾಕೆಟ್‌ಗೆ ಹಾಕುವ ಮುಂಚೆ ಹಿಂದಿನ ಬರಹ ನೋಡಿ. ಎಸಿ 120 ವೋಲ್ಟ್, 60 ಹರ್ಟ್ಸ್ ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣ ಸುಟ್ಟುಹೋಗುತ್ತದೆ. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ರಿಸೀವರ್ ಮೇಲೆ ಬರೆದ ವಾಟಿನ ಒಂದೂವರೆಯಿಂದ ಎರಡು ಪಟ್ಟು ಸಾಮರ್ಥ್ಯದ್ದು. ಮೊಬೈಲ್ ಚಾರ್ಜರಿಗೆ ಮಾರುವ ಅಂಗೈಯಗಲದ ಪರಿವರ್ತಕ ಬೇಡವೇ ಬೇಡ.

ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಟಿವಿ ಪಿಸಿಎಂನಲ್ಲೇ ಇತ್ತು. ಪಾಸ್ ಥ್ರೂ ಮಾಡಿದ ಕೂಡಲೇ ಡಿಸ್‌ಪ್ಲೇಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಬಂತು, ಐದೂ ಸ್ಪೀಕರ್ ಎದ್ದವು. ಡಿಶ್ ಕೇಬಲ್ ಬಿಚ್ಚಿದರೆ ಗುಂಯ್ ಪೂರ್ತಿ ನಿಂತಿತು. ಒಂದೇ ಬೋರ್ಡಿಗೆ ಹಾಕಿದ ಮೇಲೆ ಮುಕ್ಕಾಲು ಪಾಲು ಕಡಿಮೆಯಾಗಿದೆ, ಡಿಶ್ ಕಂಬದ ಅರ್ತಿಂಗ್ ಮಾಡಿಸಬೇಕು. ರೆಕಾರ್ಡ್ ಪ್ಲೇಯರ್ ಮಾತ್ರ ಹಾಗೇ ಇದೆ. ರಿಸೀವರ್ ಹಿಂದೆ ಫೋನೋ ಅನ್ನುವ ತೂತೇ ಇಲ್ಲ, ಸಿಡಿ ಅನ್ನುವಲ್ಲಿ ಹಾಕಿದ್ದೇನೆ.

ಇನ್ನೊಂದು ಪ್ರಶ್ನೆ. ಚಿಕ್ಕಪ್ಪನ ಮನೆಯಲ್ಲಿ ಹಳೇ ಅಹುಜಾ ಕಾಲಂ ಸ್ಪೀಕರ್ ಇವೆ. ಹಿಂದಕ್ಕೆ ಅವನ್ನು ಹಾಕಬಹುದೇ?

ಪೆಂಡಾಲ್ ಅಣ್ಣ

ಅಹುಜಾ ಕಾಲಂ ಹಿಂದೆ 100 ವೋಲ್ಟ್ ಲೈನ್ ಅಂತ ಬರೆದಿದ್ದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ. ಅರ್ಧ ಕಿಲೋಮೀಟರ್ ದೂರಕ್ಕೆ ಹತ್ತಾರು ಸ್ಪೀಕರ್ ಸಾಲಾಗಿ ಹಾಕುವ ಪದ್ಧತಿ ಅದು, ಜಾತ್ರೆಗೆ ಅದೇ ಸರಿ. ಮನೆ ರಿಸೀವರ್‌ಗೆ ನೇರವಾಗಿ ಹಾಕಬೇಡಿ. ಟ್ರಾನ್ಸ್‌ಫಾರ್ಮರ್ ಬಿಟ್ಟು ಒಳಗಿನ ಯೂನಿಟ್‌ಗೆ ನೇರವಾಗಿ ಸೇರಿಸಿದರೆ ಹಾಡುತ್ತದೆ, ಆದರೆ ಅವು ಮಾತು ದೂರ ಮುಟ್ಟಲಿ ಅಂತ ಮಾಡಿದ ಸ್ಪೀಕರ್. ನಿಮ್ಮ ಸಣ್ಣ ಎರಡೇ ಒಳ್ಳೆಯವು.

ವಿದ್ಯಾನಗರ ಮೇಷ್ಟ್ರು

ರೆಕಾರ್ಡ್ ಕೆತ್ತುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿ ಕೆತ್ತಿರುತ್ತಾರೆ. ತಗ್ಗಿಸದಿದ್ದರೆ ಬೇಸ್‌ನ ಗೆರೆ ಅಗಲವಾಗಿ ಪಕ್ಕದ ಗೆರೆಗೆ ನುಗ್ಗುತ್ತದೆ. ಇದಕ್ಕೆ ಆರ್‌ಐಎಎ ಅನ್ನುವ ಅಳತೆ 1954ರಿಂದ ಇದೆ. ಫೋನೋ ತೂತಿನ ಹಿಂದಿನ ಸರ್ಕ್ಯೂಟ್ ಅದನ್ನು ತಿರುಗಿ ಸರಿಮಾಡಿ, ಸಿಗ್ನಲ್ಲನ್ನು ನೂರು ಪಟ್ಟು ಹಿಗ್ಗಿಸುತ್ತದೆ. ಸಿಡಿ ತೂತಿಗೆ ಹಾಕಿದರೆ ಇವೆರಡೂ ಆಗುವುದಿಲ್ಲ. ಒಂದು ಫೋನೋ ಪ್ರೀಆಂಪ್ ಡಬ್ಬಿ ತಂದು ನಡುವೆ ಹಾಕಿ. ಪ್ಲೇಯರ್‌ನಿಂದ ಬರುವ ಒಂಟಿ ತೆಳು ವೈರನ್ನು ಆ ಡಬ್ಬಿಯ ಗ್ರೌಂಡ್ ಸ್ಕ್ರೂಗೆ ಕಟ್ಟುವುದು ಮರೆಯಬೇಡಿ, ಇಲ್ಲವಾದರೆ ಅಲ್ಲೂ ಗುಂಯ್ ಶುರು.

ಟೇಪ್ ಡೆಕ್‌ಗೆ ಇದು ಯಾವುದೂ ಬೇಡ. ಅದರ ಲೈನ್ ಔಟ್‌ನಿಂದ ರಿಸೀವರ್‌ನ ಸಿಡಿ ಅಥವಾ ಆಕ್ಸ್ ತೂತಿಗೆ ಹಾಕಿದರೆ ಮುಗಿಯಿತು. ಆದರೆ ಅಪ್ಪನ ಕ್ಯಾಸೆಟ್ ಹಾಕುವ ಮುಂಚೆ ಹೆಡ್ ಒರೆಸಿ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್, ಟೇಪ್ ಎಳೆಯುವ ಲೋಹದ ಕಡ್ಡಿ ಕ್ಯಾಪ್‌ಸ್ಟನ್ ಎರಡನ್ನೂ ಒರೆಸಿದರೆ ಕಂದು ಪುಡಿ ಬರುತ್ತದೆ. ಅದು ಹಳೇ ಟೇಪ್‌ಗಳಿಂದ ಉದುರಿದ ಕಾಂತದ ಲೇಪ. ಹತ್ತಿ ಬೆಳ್ಳಗಾಗುವ ತನಕ ಒರೆಸಿ. ಬಹಳ ವರ್ಷ ಸುಮ್ಮನೆ ಇದ್ದ ಕ್ಯಾಸೆಟ್ಟನ್ನು ಮೊದಲು ಆ ತುದಿಯಿಂದ ಈ ತುದಿಗೆ ಪೂರ್ತಿ ಸುತ್ತಿಸಿ, ಆಮೇಲೆ ಪ್ಲೇ ಮಾಡಿ. ಸುರುಳಿಗಳು ಅಂಟಿಕೊಂಡಿದ್ದರೆ ಬಿಡಿಸಿಕೊಳ್ಳುತ್ತವೆ. ಡಬ್ಬಿಯ ಮೇಲೆ ಡಾಲ್ಬಿ ಬಿ (ಟೇಪಿನ ಸುಸ್ ಸದ್ದು ತಗ್ಗಿಸುವ ಪದ್ಧತಿ) ಅಂತ ಗುರುತು ಇದ್ದರೆ ಮಾತ್ರ ಡೆಕ್‌ನಲ್ಲಿ ಆ ಸ್ವಿಚ್ ಹಾಕಿ.

ಕೇಳುವಾಗ ರಿಸೀವರನ್ನು ಸ್ಟೀರಿಯೋ ಅಥವಾ ಡೈರೆಕ್ಟ್‌ನಲ್ಲಿಡಿ. ರಂಗಗೀತೆಯ ಹಾರ್ಮೋನಿಯಂ, ತಬಲಾ ಹಿಂದಿನ ಸ್ಪೀಕರಿನಿಂದ ಬರುವುದು ಬೇಡ. ಸಾಧ್ಯವಾದರೆ ಇದೇ ಸಮಯಕ್ಕೆ ಡೆಕ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೂ ಕೊಟ್ಟು ಎಲ್ಲವನ್ನೂ ಉಳಿಸಿಕೊಳ್ಳಿ. ಟ್ರಂಕ್ ತುಂಬ ಇದೆ ಅಂದಿರಿ, ಅವು ಇನ್ನೊಂದು ಪೀಳಿಗೆಗೆ ಬೇಕು.

ನಿಟ್ಟುವಳ್ಳಿ ಅಕ್ಕ

ಮಾತು ಸ್ಪಷ್ಟವಾಗಿ ಕೇಳುವುದರ ಬಗ್ಗೆ ನಾನು ಹೇಳುತ್ತೇನೆ. ನಮ್ಮತ್ತೆಗೆ ಕಿವಿ ಸ್ವಲ್ಪ ಮಂದ, ಅವರಿಗಾಗಿ ಇದನ್ನೆಲ್ಲ ಸರಿಮಾಡಿಕೊಂಡೆವು.

ಸಿನಿಮಾದ ಮಾತು ಹೆಚ್ಚು ಪಾಲು ಬರುವುದು ಸೆಂಟರ್ ಸ್ಪೀಕರಿನಿಂದ. ಅದನ್ನು ಶೋಕೇಸಿನ ಒಳಗೆ ತಳ್ಳಿಟ್ಟರೆ ಮಾತು ಡಬ್ಬಿಯೊಳಗಿಂದ ಬಂದ ಹಾಗೆ ಇರುತ್ತದೆ. ಹಲಗೆಯ ಅಂಚಿಗೆ ಎಳೆದಿಡಿ. ಕೆಳಗಿದ್ದರೆ ಮುಂದಿನ ಅಂಚಿಗೆ ಒಂದು ರಬ್ಬರ್ ತುಂಡು ಕೊಟ್ಟು ಕಿವಿಯ ಕಡೆ ಮುಖ ಎತ್ತಿಸಿ. ರಿಸೀವರ್‌ನಲ್ಲಿ ಸೆಂಟರ್ ಮಟ್ಟವನ್ನು 2ರಿಂದ 3 ಡೆಸಿಬೆಲ್ ಏರಿಸಿ. ರಾತ್ರಿ ಹೊತ್ತು ಡೈನಾಮಿಕ್ ರೇಂಜ್ ಕಡಿಮೆ ಮಾಡುವ ಸೆಟ್ಟಿಂಗ್ ಹಾಕಿದರೆ ಫೈಟ್ ಬಂದಾಗ ಬೆಚ್ಚಿಬೀಳುವುದಿಲ್ಲ, ಪಿಸುಮಾತೂ ಕೇಳುತ್ತದೆ.

ಆಮೇಲೆ ಕೋಣೆ. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ದೊಡ್ಡ ಗಾಜಿನ ಕಿಟಕಿ, ಈಗಿನ ಹೊಸ ಮನೆಗಳೆಲ್ಲ ಹೀಗೇ. ಚಪ್ಪಾಳೆ ತಟ್ಟಿದರೆ ಟ್ರಿಂಗ್ ಅನ್ನುತ್ತದೆ. ಆ ಪ್ರತಿಧ್ವನಿಯೇ ಮಾತನ್ನು ನುಂಗುವುದು. ನಾವು ಚಳ್ಳಕೆರೆ ಕಂಬಳಿ ಎರಡು ತಂದೆವು. ಒಂದು ನೆಲಕ್ಕೆ, ಟಿವಿಗೂ ಸೋಫಾಕ್ಕೂ ನಡುವೆ. ಇನ್ನೊಂದು ಪಕ್ಕದ ಗೋಡೆಗೆ. ಎಲ್ಲಿ ನೇತುಹಾಕಬೇಕು ಅಂತ ತಿಳಿಯಲು ಸೋಫಾದಲ್ಲಿ ಒಬ್ಬರು ಕೂತು, ಇನ್ನೊಬ್ಬರು ಗೋಡೆಯುದ್ದಕ್ಕೂ ಕನ್ನಡಿ ಸರಿಸಬೇಕು. ಕನ್ನಡಿಯಲ್ಲಿ ಸ್ಪೀಕರ್ ಕಾಣುವ ಜಾಗವೇ ಸರಿಯಾದ ಜಾಗ. ಗೋಡೆಗೆ ಒತ್ತಿ ಹೊಡೆಯದೆ ಎರಡು ಇಂಚು ಮುಂದೆ ಬಿಟ್ಟು ಕಟ್ಟಿ, ಇನ್ನೂ ಚೆನ್ನಾಗಿ ಹೀರುತ್ತದೆ. ಕುರಿ ಉಣ್ಣೆಯ ಕಪ್ಪು ಕಂಬಳಿ ಗೋಡೆ ಮೇಲೆ ಚೆಂದವೂ ಕಾಣುತ್ತದೆ. ಅತ್ತೆ ಈಗ ಧಾರಾವಾಹಿಯ ಮಾತನ್ನು ಇನ್ನೊಬ್ಬರಿಗೆ ಕೇಳದೆ ನೋಡುತ್ತಾರೆ.

ಕೋಟೆ ಊರಿನವ, ಚಿತ್ರದುರ್ಗ

ಕಂಬಳಿ ಬಹಳ ಒಳ್ಳೆಯ ಉಪಾಯ ಅಕ್ಕಾ. ಬೇಸ್‌ಗೆ ಮಾತ್ರ ಅದು ಸಾಲದು, ಅದಕ್ಕೆ ಸಬ್ ಇಡುವ ಜಾಗ ಬದಲಿಸಬೇಕು.

ಬಿ ಬ್ಲಾಕ್‌ನವರೇ, ನಿಮ್ಮ 12 ಅಡಿ ಗೋಡೆಗೆ ಮುಂದಿನ ಎರಡು ಸ್ಪೀಕರ್ ನಡುವೆ ಏಳೆಂಟು ಅಡಿ ಅಂತರ ಇರಲಿ, ಸೋಫಾ ಎಂಟೊಂಬತ್ತು ಅಡಿ ದೂರ. ಆಗ ಕೂತವರಿಗೆ ಒಂದೊಂದು ಸ್ಪೀಕರ್ 22ರಿಂದ 30 ಡಿಗ್ರಿ ಒಳಗೆ ಬರುತ್ತದೆ. ಹಿಂದಿನವನ್ನು ನಮ್ಮ ಕಡೆ ಸೀಲಿಂಗ್ ಮೂಲೆಗೆ ತಗುಲಿ ಹಾಕುತ್ತಾರೆ, ಹಾಗೆ ಮಾಡಬೇಡಿ. ಕೂತವರ ಪಕ್ಕಕ್ಕೆ, ಸ್ವಲ್ಪ ಹಿಂದೆ, 90ರಿಂದ 110 ಡಿಗ್ರಿಯಲ್ಲಿ, ಕಿವಿಗಿಂತ ಒಂದೆರಡು ಅಡಿ ಮೇಲೆ ಸಾಕು.

ಸಬ್‌ಗೆ ಹೀಗೆ ಮಾಡಿ. ಸೋಫಾ ಸ್ವಲ್ಪ ಸರಿಸಿ ಅದು ಇದ್ದ ಜಾಗದಲ್ಲಿ ಸಬ್ ಇಡಿ. ಬೇಸ್ ಇರುವ ಹಾಡು ಹಾಕಿ, ಗೋಡೆ ಪಕ್ಕ ಬಗ್ಗಿಕೊಂಡು ಓಡಾಡಿ. ಎಲ್ಲಿ ಬೇಸ್ ಗುಮ್ಮೆನ್ನದೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ಸಬ್‌ನ ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ಗೆ ಅನ್ನುವ ಗಡಿ) ತಿರುಗಣೆ ಪೂರ್ತಿ ಮೇಲಕ್ಕೆ, ವಾಲ್ಯೂಮ್ ಅರ್ಧಕ್ಕೆ.

ಈಗ ರಿಸೀವರ್ ಜೊತೆ ಬಂದ ಮೈಕ್ ಹುಡುಕಿ. ಅದರಿಂದ ಕೋಣೆಯ ಸದ್ದು ಅಳೆದು ರಿಸೀವರ್ ಸ್ಪೀಕರ್‌ಗಳನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಡೆನಾನ್, ಮರಾಂಟ್ಜ್‌ನಲ್ಲಿ ಈ ಅಳತೆಗೆ ಆಡಿಸ್ಸಿ ಅನ್ನುತ್ತಾರೆ, ಯಮಹಾದಲ್ಲಿ ವೈಪಿಎಒ, ಪಯೋನಿಯರ್‌ನಲ್ಲಿ ಎಂಸಿಎಸಿಸಿ. ಕೆಲಸ ಹೆಚ್ಚುಕಡಿಮೆ ಒಂದೇ. ಮೈಕನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾದ ಬೆನ್ನಿನ ಮೇಲೂ ಇಡಬೇಡಿ. ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಕೂಗುವ ಹೊತ್ತಲ್ಲದ ಸಮಯ ನೋಡಿಕೊಳ್ಳಿ. ಕೇಳಿದಷ್ಟು ಜಾಗದಲ್ಲೂ ಅಳೆಯಲು ಬಿಡಿ.

ಮುಗಿದ ಮೇಲೆ ಮೆನುಗೆ ಹೋಗಿ ಎರಡು ವಿಷಯ ನೋಡಿ. ನಿಮ್ಮ ದೊಡ್ಡ ಸೋನೋಡೈನ್ ಅನ್ನು ಅದು ಲಾರ್ಜ್ ಅಂತ ಬರೆದುಕೊಂಡಿರುತ್ತದೆ. ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ. ಸ್ಪೀಕರ್‌ಗೆ ಅವಮಾನ ಏನಿಲ್ಲ, ಭಾರದ ಬೇಸ್ ಸಬ್‌ಗೆ ಹೋಗಿ ರಿಸೀವರ್‌ಗೆ ಉಸಿರು ಸಿಗುತ್ತದೆ. ಸಬ್‌ನ ದೂರ ನಿಜಕ್ಕಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ. ಸಬ್ ಒಳಗಿನ ಸರ್ಕ್ಯೂಟ್ ಸದ್ದನ್ನು ಸ್ವಲ್ಪ ತಡಮಾಡುತ್ತದೆ, ಅದನ್ನೂ ಸೇರಿಸಿ ಅಳೆದ ಲೆಕ್ಕ ಅದು.

ಪೆಂಡಾಲ್ ಅಣ್ಣ

ಬೇಸಿಗೆ ಬಂದರೆ ನಮ್ಮೂರು 38, 40 ಡಿಗ್ರಿ ಮುಟ್ಟುತ್ತದೆ. ರಿಸೀವರನ್ನು ಗಾಜಿನ ಬಾಗಿಲ ಶೋಕೇಸಲ್ಲಿ ಮುಚ್ಚಿಡಬೇಡಿ, ಮೇಲೆ ಡಿಟಿಎಚ್ ಬಾಕ್ಸ್ ಹೇರಬೇಡಿ. ಮೇಲೆ ಅರ್ಧ ಅಡಿ ಜಾಗ ಬಿಡಿ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದಾಗಿದ್ದರೆ ಕರೆಂಟು ಹೋದಾಗ ರಿಸೀವರ್ ಹಾಕಬೇಡಿ, ಟ್ರಾನ್ಸ್‌ಫಾರ್ಮರ್ ಜೇಂಕರಿಸಿ ಬಿಸಿಯಾಗುತ್ತದೆ. ಸೈನ್ ವೇವ್ ಆದರೆ ತೊಂದರೆ ಇಲ್ಲ.

ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಎಲ್ಲ ಆಯಿತು. ಡಿಶ್ ಕಂಬದ ಅರ್ತಿಂಗ್ ಮಾಡಿಸಿದ ಮೇಲೆ ಸಬ್ ಪೂರ್ತಿ ಸುಮ್ಮನಾಗಿದೆ. ಹಿಂದಿನ ವೈರು ಪಟ್ಟಿಯೊಳಗೆ ಹೋಯಿತು. ಸಬ್‌ಗೆ ಟಿವಿ ಎಡಗಡೆಯ ಗೋಡೆಯ ನಡುಭಾಗ ಸರಿಬಂತು, ಮೂಲೆಯಲ್ಲಿ ಗುಮ್ಮೆನ್ನುತ್ತಿತ್ತು. ಫೋನೋ ಪ್ರೀಆಂಪ್ ತರಿಸಿದ್ದೇನೆ, ರೆಕಾರ್ಡ್ ಈಗ ತುಂಬಿದ ದನಿಯಲ್ಲಿ ಹಾಡುತ್ತದೆ. ಕ್ಯಾಸೆಟ್‌ಗಳಲ್ಲಿ ಕೆಲವು ಅಂಟಿಕೊಂಡಿದ್ದವು, ಸುತ್ತಿಸಿದ ಮೇಲೆ ಬಿಟ್ಟವು. ಅಮ್ಮ ಪಟ್ಟಿ ಬರೆಯುತ್ತಿದ್ದಾರೆ, ಅವರು ಹೇಳಿದ ಕ್ರಮದಲ್ಲೇ ಕಂಪ್ಯೂಟರಿಗೆ ಏರಿಸುತ್ತಿದ್ದೇನೆ.

ಜಗಳೂರು ಕಡೆಯವ

ಇದನ್ನೆಲ್ಲ ಓದಿ ನಮ್ಮ ಮನೆಯದೂ ಸರಿಮಾಡಿಕೊಂಡೆ. ಒಂದೇ ಪ್ರಶ್ನೆ ಉಳಿದಿದೆ. ಅಡುಗೆಮನೆಯಲ್ಲೂ ಹಾಡು ಕೇಳಬೇಕು. ಹಾಲ್‌ನ ಮುಂದಿನ ಸ್ಪೀಕರ್ ಸ್ಕ್ರೂಗಳಿಗೇ ಇನ್ನೊಂದು ಜೋಡಿ 8 ಓಮ್ ಸ್ಪೀಕರ್ ಸೇರಿಸಬಹುದೇ?

ವಿದ್ಯಾನಗರ ಮೇಷ್ಟ್ರು

ಹಾಗೆ ಸೇರಿಸಿದರೆ 8 ಮತ್ತು 8 ಸೇರಿ ರಿಸೀವರ್‌ಗೆ 4 ಓಮ್ ಕಾಣುತ್ತದೆ. ಹಿಂದೆ 6ರಿಂದ 16 ಓಮ್ ಅಂತ ಬರೆದಿದ್ದರೆ ಅದು ಮಿತಿಗಿಂತ ಕೆಳಗೆ, ಜೋರು ಮಾಡಿದಾಗ ಬಿಸಿಯಾಗಿ ಆಫ್ ಆಗುತ್ತದೆ. ಸರಣಿಯಲ್ಲಿ ಸೇರಿಸಿದರೆ 16 ಓಮ್, ಅಪಾಯ ಇಲ್ಲ, ಸದ್ದು ಕಡಿಮೆ. ಆದರೆ ಹಾಲ್‌ನಲ್ಲಿ ಸಿನಿಮಾ ಹಾಕಿದಾಗ ಅಡುಗೆಮನೆಯಲ್ಲೂ ಅದೇ ಕೇಳುತ್ತದೆ. ಇನ್ನೊಂದು ಕೋಣೆಗೆಂದೇ ಜೋನ್ 2 ಅಂತ ಬೇರೆ ಸ್ಕ್ರೂಗಳಿದ್ದರೆ ಅದೇ ಸರಿಯಾದ ದಾರಿ. ರಿಸೀವರ್‌ನ ಹಿಂಭಾಗದ ಫೋಟೋ ಹಾಕಿ, ನೋಡಿ ಹೇಳುತ್ತೇನೆ.